ಗಂಡ ಅಮೆರಿಕದಲ್ಲಿ, ಸೈಟು ಮೈಸೂರಿನಲ್ಲಿ: ವಿಚ್ಛೇದನದಲ್ಲಿ ಆಸ್ತಿ ಬಿಡಿಸಿಕೊಳ್ಳುವ ದಾರಿ

"ಅರ್ಧ ನನಗೆ ಬರುತ್ತೆ ಅಲ್ವಾ ಮೇಡಂ?"

ವಕೀಲರ ಮುಂದೆ ಕೂತು ತಂಗಿ ಕೇಳಿದ ಮೊದಲ ಪ್ರಶ್ನೆ ಇದು. ಅವರು ಪೆನ್ನು ಕೆಳಗಿಟ್ಟು, "ಯಾವುದರಲ್ಲಿ ಅರ್ಧಮ್ಮ?" ಅಂತ ತಿರುಗಿ ಕೇಳಿದರು. ತಂಗಿ ನನ್ನ ಮುಖ ನೋಡಿದಳು. ನನಗೂ ಉತ್ತರ ಗೊತ್ತಿರಲಿಲ್ಲ.

ಅವಳ ಗಂಡ ಕ್ಯಾಲಿಫೋರ್ನಿಯಾದಲ್ಲಿ. ಅವಳು ಮಗುವಿನ ಜೊತೆ ಮೈಸೂರಿನ ತವರಿಗೆ ಬಂದು ಒಂದು ವರ್ಷ ದಾಟಿತ್ತು. ಇಬ್ಬರ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಫ್ಲ್ಯಾಟ್, ಅದರ ಮೇಲೆ ಸಾಲ. ಆತನೊಬ್ಬನ ಹೆಸರಿನಲ್ಲಿ ಮೈಸೂರಿನಲ್ಲೊಂದು ಸೈಟು. ಒಡವೆ ಅತ್ತೆಯ ಲಾಕರಿನಲ್ಲಿ. ಅಮೆರಿಕದಲ್ಲಿ ಏನೇನಿದೆ ಅನ್ನುವುದು ದೇವರಿಗೇ ಗೊತ್ತು. ಮೂರು ವರ್ಷ ಆ ಕೇಸಿನ ಫೈಲು ಹಿಡಿದು ಓಡಾಡಿದವಳು ನಾನು. ವಕೀಲೆಯಲ್ಲ. ಓಡಾಡುತ್ತಾ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಇದು ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹೆಂಡತಿ ಹೊರದೇಶದಲ್ಲಿದ್ದು ಗಂಡ ಇಲ್ಲಿದ್ದರೂ ಬಹಳಷ್ಟು ಹಾಗೇ ಅನ್ವಯಿಸುತ್ತದೆ.

ಅರ್ಧದ ಲೆಕ್ಕ ಮೊದಲು ಮರೆತುಬಿಡಿ

ನಮ್ಮಲ್ಲಿ "ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಇಬ್ಬರದು, ಮುರಿದರೆ ಸಮಪಾಲು" ಅನ್ನುವ ಕಾನೂನು ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಇರುವುದರಿಂದ ಅಲ್ಲಿ ಮಾತ್ರ ಬೇರೆ ರೂಢಿ. ಕರ್ನಾಟಕದಲ್ಲಿ ಆಸ್ತಿ ಯಾರ ಹೆಸರಿನಲ್ಲಿದೆಯೋ ಅವರದ್ದು ಅನ್ನುವುದೇ ಆರಂಭದ ನಿಯಮ. ಅದರ ಮೇಲೆ ಹೆಂಡತಿಗೆ ಸಿಗುವುದು ಮೂರು ದಾರಿಯಲ್ಲಿ: ತನ್ನ ಸ್ತ್ರೀಧನ (ತನಗೆ ಅಂತ ಕೊಟ್ಟ ಒಡವೆ, ಉಡುಗೊರೆ), ತಾನು ದುಡ್ಡು ಹಾಕಿದ ಆಸ್ತಿಯಲ್ಲಿ ತನ್ನ ಪಾಲು, ಮತ್ತೆ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಆಸ್ತಿಯ ಮಾತಾಡುತ್ತದೆ ನಿಜ. ಆದರೆ ಅದು ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಬಗ್ಗೆ. ಜೀವನಾಂಶ 25ನೇ ಸೆಕ್ಷನ್‌ನಲ್ಲಿದೆ.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಕೇಸ್ ಒಂದನ್ನು ತೀರ್ಮಾನಿಸಿತು. ಗಂಡ ಅಮೆರಿಕದಲ್ಲಿ ನೆಲೆಸಿದ ದೊಡ್ಡ ಉದ್ಯಮಿ. ಆತನ ಸಿರಿವಂತಿಕೆಗೆ ಸಮನಾದ ಮೊತ್ತ ಬೇಕು ಅಂತ ಹೆಂಡತಿ ಕೇಳಿದರು. ಜೀವನಾಂಶ ಇರುವುದು ಇಬ್ಬರ ಆಸ್ತಿಯನ್ನು ಸಮ ಮಾಡುವುದಕ್ಕಲ್ಲ ಅಂತ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಹೇಳಿತು. ಕೊನೆಗೆ ಕೊಡಿಸಿದ್ದು 12 ಕೋಟಿ ರೂಪಾಯಿ. ನಮ್ಮಂಥವರಿಗೆ ಆ ಅಂಕಿ ಕನಸಿನ ಮಾತು, ಆದರೆ ತತ್ವ ಎಲ್ಲರಿಗೂ ಒಂದೇ.

ಇನ್ನೊಂದು ಮಾತು. "ಊರಲ್ಲಿ ಅವರಪ್ಪಂದು ಹತ್ತು ಎಕರೆ ತೋಟ ಇದೆ, ಅದರಲ್ಲೂ ಕೇಳು" ಅಂತ ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಹೇಳುತ್ತಾರೆ. ಗಂಡನ ಪಿತ್ರಾರ್ಜಿತದಲ್ಲಿ ವಿಚ್ಛೇದನ ಪಡೆಯುವ ಹೆಂಡತಿಗೆ ಪಾಲಿಲ್ಲ. ಮಕ್ಕಳ ಹಕ್ಕು ಬೇರೆ, ಅದು ಅಪ್ಪ ಅಮ್ಮನ ವಿಚ್ಛೇದನದಿಂದ ಹೋಗುವುದಿಲ್ಲ. ಆದರೂ ಆ ತೋಟದ ಪಹಣಿ ತೆಗೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಜಗಳದ ಮುಂಚೆ ಕಾಗದ

ನೋಟಿಸ್ ಕಳಿಸುವ ಮೊದಲೇ ಒಂದು ಪಟ್ಟಿ ಮಾಡಿ. ನಾವು ಮಗುವಿನ ಹಳೇ ಡ್ರಾಯಿಂಗ್ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದು ಮಾಡಿದೆವು: ಏನು, ಎಲ್ಲಿದೆ, ಯಾರ ಹೆಸರು, ಯಾರ ದುಡ್ಡು. ಕೊನೆಯ ಕಾಲಂ ತುಂಬುವುದೇ ಕಷ್ಟ. ಕೇಸು ನಿಲ್ಲುವುದೂ ಅದರ ಮೇಲೆಯೇ.

ಜಮೀನು, ಮನೆ, ಸೈಟಿಗೆ: ಕ್ರಯಪತ್ರದ ನಕಲು, ಖಾತಾ, ತೆರಿಗೆ ರಸೀದಿ, ಮತ್ತೆ ಮುಖ್ಯವಾಗಿ ಇಸಿ, ಅಂದರೆ ಋಣಭಾರ ಪತ್ರ. ಇಸಿಯನ್ನು ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು, ಗಂಡನ ಸಹಿ ಬೇಡ. ಕೇಸ್ ನಡೆಯುವಷ್ಟು ದಿನ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತೆಗೆಯುತ್ತಿರಿ. ಸೈಟು ಸದ್ದಿಲ್ಲದೆ ಅತ್ತೆಯ ಹೆಸರಿಗೆ ದಾನಪತ್ರ ಆಗಿದ್ದರೆ ಮೊದಲು ಗೊತ್ತಾಗುವುದು ಅಲ್ಲೇ.

ಫ್ಲ್ಯಾಟ್ ಜಂಟಿ ಹೆಸರಿನಲ್ಲಿದ್ದರೆ ಯಾರು ಎಷ್ಟು ಹಾಕಿದರು ಅನ್ನುವುದರ ಮೇಲೆ ಪಾಲು ನಿಲ್ಲುತ್ತದೆ. ಲೆಕ್ಕ ಸಿಗದಿದ್ದರೆ ಸಮಪಾಲು ಅಂತ ಕಾನೂನು ಹಿಡಿಯುತ್ತದೆ. ಹಾಗಾಗಿ ಮುಂಗಡ ಕೊಟ್ಟ ಚೆಕ್, ಇಎಂಐ ಹೋದ ಖಾತೆಯ ಸ್ಟೇಟ್‌ಮೆಂಟ್, ಅಪ್ಪ ಕೊಟ್ಟ ದುಡ್ಡು ಬ್ಯಾಂಕಿನಿಂದ ಹೋಗಿದ್ದರೆ ಅದರ ದಾಖಲೆ, ಎಲ್ಲ ತೆಗೆದಿಡಿ. ಮುಚ್ಚಿದ ಸಂಬಳದ ಖಾತೆಯ ಹಳೇ ಸ್ಟೇಟ್‌ಮೆಂಟ್ ಬೇಕಾದರೆ ಈಗಲೇ ಅರ್ಜಿ ಕೊಡಿ. ತಂಗಿಯ ಒಂದು ಖಾತೆಯದ್ದು ಬರುವುದಕ್ಕೆ ಏಳು ವಾರ ಹಿಡಿಯಿತು.

ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಹೊರದೇಶದ ಗಳಿಕೆ ಇಡಲು ಅನಿವಾಸಿಗಳು ಇಲ್ಲಿ ತೆರೆಯುವ ಖಾತೆಯಲ್ಲಿ, ನಿಮ್ಮ ಹೆಸರು ಇದೆ ಅಂತ ಧೈರ್ಯವಾಗಿರಬೇಡಿ. ಇಲ್ಲಿ ವಾಸವಿರುವ ಸಂಬಂಧಿಯನ್ನು ಅದರಲ್ಲಿ "ಫಾರ್ಮರ್ ಆರ್ ಸರ್ವೈವರ್" ಅಂತ ಸೇರಿಸುತ್ತಾರೆ. ಮೊದಲ ಖಾತೆದಾರ ಬದುಕಿರುವ ತನಕ ಹಣ ತೆಗೆಯುವ ಹಕ್ಕು ಅವರದ್ದೇ.

ಅಮೆರಿಕದ ಆಸ್ತಿಗೆ ಒಳ್ಳೆಯ ಕೀಲಿ ಅಂದರೆ ತೆರಿಗೆ ರಿಟರ್ನ್. ಅಲ್ಲಿದ್ದಾಗ ಇಬ್ಬರೂ ಸೇರಿ ಜಂಟಿ ರಿಟರ್ನ್ ಹಾಕಿದ್ದರೆ ಅದು ನಿಮ್ಮದೂ ಹೌದು. ಫಾರ್ಮ್ 4506-ಟಿ ತುಂಬಿ ಅಲ್ಲಿನ ಆದಾಯ ತೆರಿಗೆ ಇಲಾಖೆಯಿಂದ ಹಳೇ ವರ್ಷಗಳ ಟ್ರಾನ್ಸ್‌ಕ್ರಿಪ್ಟ್ ನೀವೊಬ್ಬರೇ ಕೇಳಬಹುದು, ಒಂದು ಸಹಿ ಸಾಕು. ಸಂಬಳ, ಬಡ್ಡಿ, ಡಿವಿಡೆಂಡ್, ಷೇರು ಮಾರಿದ್ದು ಎಲ್ಲದರ ಸುಳಿವು ಅದರಲ್ಲಿ ಸಿಗುತ್ತದೆ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಅಮೆರಿಕದ ತೆರಿಗೆ ವ್ಯಾಪ್ತಿಗೆ ಬಂದವರ ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಸಾಕು, ಅವರು ಅಲ್ಲಿನ ಸರ್ಕಾರಕ್ಕೆ ಅದನ್ನು ತಿಳಿಸಬೇಕು. ಎಫ್‌ಬಾರ್ ಅನ್ನುತ್ತಾರೆ ಅದಕ್ಕೆ. ಇಲ್ಲಿನ ಕೋರ್ಟಿನಲ್ಲಿ "ನನಗೆ ಇಂಡಿಯಾದಲ್ಲಿ ಖಾತೆಯೇ ಇಲ್ಲ" ಅನ್ನುವವರು ಅಲ್ಲಿ ಬೇರೆಯೇ ಬರೆದುಕೊಟ್ಟಿರಬಹುದು. ಆ ಕಾಗದ ಹಾಜರುಪಡಿಸಿ ಅಂತ ಕೇಳುವುದಕ್ಕೆ ವಕೀಲರಿಗೆ ಹೇಳಿ.

ಒಂದು ಮಾತ್ರ ಮಾಡಬೇಡಿ. ಗಂಡನ ಮೇಲ್ ಪಾಸ್‌ವರ್ಡ್ ಗೊತ್ತಿದೆ ಅಂತ ಒಳಗೆ ಹೋಗಿ ಹುಡುಕಬೇಡಿ. ಅದು ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆಯೇ ತಿರುಗುತ್ತದೆ.

ಒಡವೆಯ ವಿಷಯ ಸ್ವಲ್ಪ ವಿವರವಾಗಿ

ಸೈಟು ಎಲ್ಲೂ ಓಡಿಹೋಗುವುದಿಲ್ಲ. ಒಡವೆ ಹೋಗುತ್ತದೆ. ಅದಕ್ಕೇ ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಹೆಂಡತಿಗೆ ಅಂತ ಕೊಟ್ಟದ್ದು ಸ್ತ್ರೀಧನ. ತವರಿನವರು ಕೊಟ್ಟರೂ ಅಷ್ಟೇ, ಅತ್ತೆಮನೆಯವರು ಕೊಟ್ಟರೂ ಅಷ್ಟೇ. ಅದು ಪೂರ್ತಿ ಆಕೆಯದ್ದು, ಗಂಡನ ಕೈಯಲ್ಲಿದ್ದರೆ ಆತ ಬರೀ ಕಾಯುವವನು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಕೇರಳದ ಕೇಸೊಂದರಲ್ಲಿ ಅದೇ ಮಾತು ಮತ್ತೆ ಬಂತು. ಮದುವೆಯಲ್ಲಿ ಬಂದ 89 ಪವನ್ ಚಿನ್ನವನ್ನು ಗಂಡ ಮೊದಲ ರಾತ್ರಿಯೇ ತೆಗೆದುಕೊಂಡು ತನ್ನ ತಾಯಿಗೆ ಕೊಟ್ಟ ಅನ್ನುವುದು ಹೆಂಡತಿಯ ದೂರು. ಕೋರ್ಟ್ 25 ಲಕ್ಷ ರೂಪಾಯಿ ಕೊಡಿಸಿತು.

ಕಾನೂನು ನಿಮ್ಮ ಕಡೆಗಿದೆ. ಸಾಕ್ಷಿ ಇದೆಯಾ? ನಮ್ಮ ಹತ್ತಿರ ಅರ್ಧದಷ್ಟಕ್ಕೂ ಬಿಲ್ ಇರಲಿಲ್ಲ. ಅಜ್ಜಿಯ ಅವಲಕ್ಕಿ ಸರಕ್ಕೆ ಬಿಲ್ ಎಲ್ಲಿಂದ ತರುವುದು? ಕೊನೆಗೆ ಕೈ ಹಿಡಿದದ್ದು ಮದುವೆ ಆಲ್ಬಮ್. ಒಂದು ಭಾನುವಾರ ಅಮ್ಮ, ನಾನು, ತಂಗಿ ಆಲ್ಬಮ್ ಹರಡಿಕೊಂಡು ಕೂತೆವು. ಧಾರೆಯ ಫೋಟೋದಲ್ಲಿ ಯಾವ ಹಾರ, ಆರತಕ್ಷತೆಯಲ್ಲಿ ಯಾವುದು, ಬಳೆ ಎಷ್ಟು ಜೊತೆ, ಡಾಬು ಯಾರದ್ದು, ಹೀಗೆ ಒಂದೊಂದಕ್ಕೂ ನಂಬರ್ ಕೊಟ್ಟು ಬರೆದೆವು. ಅಮ್ಮನಿಗೆ ತೂಕ ಗ್ರಾಮಿನ ಲೆಕ್ಕದಲ್ಲಿ ಬಾಯಿಪಾಠ. ಮನೆಗೆ ಮಾಮೂಲಾಗಿ ಒಡವೆ ಮಾಡಿಕೊಡುವ ಅಕ್ಕಸಾಲಿಗರ ಹತ್ತಿರ ಹಳೇ ಚೀಟಿ ಪುಸ್ತಕ ಇತ್ತು. ಅದರ ಫೋಟೋ ತೆಗೆದುಕೊಂಡೆವು. ಫೋಟೋ, ವಿಡಿಯೊ, ಬಿಲ್ಲು, ಚೀಟಿ, ಮುಯ್ಯಿ ಬರೆದ ಪುಸ್ತಕ, ಒಡವೆ ಎಲ್ಲಿದೆ ಅನ್ನುವುದರ ಬಗ್ಗೆ ಗಂಡ ಹೆಂಡತಿ ಮಾಡಿದ ಮೆಸೇಜು, ಇಷ್ಟೂ ಸಾಕ್ಷಿಯೇ. "ಲಾಕರ್‌ನಲ್ಲಿಟ್ಟಿದ್ದೀನಿ, ಬಂದಾಗ ತಗೋ" ಅಂತ ಅತ್ತೆ ಕಳಿಸಿದ್ದ ಒಂದು ಸಾಲಿನ ವಾಟ್ಸ್ಆ್ಯಪ್ ನಮ್ಮ ಕೇಸಿನಲ್ಲಿ ಹತ್ತು ಬಿಲ್ಲಿಗೆ ಸಮ ಆಯಿತು.

ಹಂತ 2: ಯಾವ ದೇಶದ ಕೋರ್ಟು?

ಇದರಷ್ಟು ದೊಡ್ಡ ತೀರ್ಮಾನ ಬೇರೊಂದಿಲ್ಲ. ನಮ್ಮ ಜನ ಇದನ್ನು ಯೋಚಿಸುವುದೇ ಇಲ್ಲ. "ಅಮೆರಿಕದ ಕೋರ್ಟ್ ಕಾಗದ ಬಂದಿದೆಯಾ, ಹರಿದು ಬಿಸಾಕು, ಇಲ್ಲಿ ಅದು ನಡೆಯಲ್ಲ" ಅನ್ನುವ ಸಲಹೆ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ಅರ್ಧ ಮಾತ್ರ ನಿಜ.

ನಿಜವಾದ ಅರ್ಧ ಇದು. 1991ರಲ್ಲಿ ಸುಪ್ರೀಂ ಕೋರ್ಟ್ ನರಸಿಂಹ ರಾವ್ ಕೇಸ್ ಅಂತ ಕರೆಯುವ ತೀರ್ಪಿನಲ್ಲಿ ಒಂದು ಗೆರೆ ಎಳೆಯಿತು. ತಿರುಪತಿಯಲ್ಲಿ ಮದುವೆ, ಅಮೆರಿಕದ ಮಿಸೌರಿ ರಾಜ್ಯದಲ್ಲಿ ಗಂಡ ಪಡೆದ ವಿಚ್ಛೇದನ. ನಮ್ಮ ಕಾಯ್ದೆಯಲ್ಲಿ ಇಲ್ಲದ ಕಾರಣಕ್ಕೆ, ಹೆಂಡತಿ ಆ ಕೋರ್ಟನ್ನು ಒಪ್ಪಿಕೊಳ್ಳದೆ ಇದ್ದಾಗ ಕೊಟ್ಟ ಡಿಕ್ರಿಗೆ, ಅಂದರೆ ಕೋರ್ಟಿನ ಅಂತಿಮ ಆದೇಶಕ್ಕೆ, ಇಲ್ಲಿ ಬೆಲೆ ಇಲ್ಲ ಅಂದಿತು. "ಸಂಬಂಧ ಸರಿಪಡಿಸಲಾರದಷ್ಟು ಮುರಿದಿದೆ" ಅನ್ನುವುದು ಹಿಂದೂ ವಿವಾಹ ಕಾಯ್ದೆಯಲ್ಲಿ ಇವತ್ತಿಗೂ ವಿಚ್ಛೇದನದ ಕಾರಣವಾಗಿ ಸೇರಿಲ್ಲ. ಆದರೆ ನೀವು ಆ ಕೇಸಿನಲ್ಲಿ ಮನಸಾರೆ ಭಾಗವಹಿಸಿದರೆ, ಡಿಕ್ರಿಗೆ ಒಪ್ಪಿದರೆ, ಲೆಕ್ಕ ಬದಲಾಗುತ್ತದೆ.

ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಆಸ್ತಿಯ ವಿಷಯದಲ್ಲಿ ಅಲ್ಲಿನ ಕೋರ್ಟು ನಿಮಗೆ ಇಲ್ಲಿಗಿಂತ ಜಾಸ್ತಿ ಕೊಡಬಹುದು! ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್, ಅರಿಜೋನ ಸೇರಿ ಅಮೆರಿಕದ ಒಂಬತ್ತು ರಾಜ್ಯಗಳಲ್ಲಿ ಮದುವೆಯ ಕಾಲದಲ್ಲಿ ಗಳಿಸಿದ್ದು ಇಬ್ಬರದು. ಅದರಲ್ಲಿ ಕ್ಯಾಲಿಫೋರ್ನಿಯಾ ಕಟ್ಟುನಿಟ್ಟಾಗಿ ಸಮಪಾಲು ಮಾಡುತ್ತದೆ. ಸಂಬಳ ಉಳಿಸಿದ್ದು, ಕಂಪನಿ ಕೊಟ್ಟ ಷೇರು, ನಿವೃತ್ತಿ ನಿಧಿ, ಎಲ್ಲ ಇದರಲ್ಲಿ ಬರುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಸಮಪಾಲು ಅನ್ನುವ ನಿಯಮ ಇಲ್ಲ, ನ್ಯಾಯವಾಗಿ ಕಂಡಂತೆ ಹಂಚುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೇಸ್ ಹಾಕುವುದಕ್ಕೆ ಇಬ್ಬರಲ್ಲಿ ಒಬ್ಬರು ಆ ರಾಜ್ಯದಲ್ಲಿ ಆರು ತಿಂಗಳು, ಆ ಕೌಂಟಿಯಲ್ಲಿ ಮೂರು ತಿಂಗಳು ಇದ್ದರೆ ಸಾಕು. ಅಂದರೆ ಗಂಡ ಅಲ್ಲಿದ್ದರೆ ಮೈಸೂರಿನಲ್ಲಿರುವ ಹೆಂಡತಿಯೂ ಅಲ್ಲಿ ಕೇಸ್ ಹಾಕಬಹುದು. ಆತನೇ ಹಾಕಿ ನಿಮಗೆ ಸಮನ್ಸ್ ಬಂದರೆ ಉತ್ತರಕ್ಕೆ 30 ದಿನ. ಆ ಸಮನ್ಸ್‌ನಲ್ಲೇ ಇಬ್ಬರೂ ಆಸ್ತಿ ಮಾರುವಂತಿಲ್ಲ, ಬಚ್ಚಿಡುವಂತಿಲ್ಲ ಅನ್ನುವ ಆದೇಶ ಅಚ್ಚಾಗಿರುತ್ತದೆ. ತಿರುಗಿಸಿ ಓದಿ.

ನಿವೃತ್ತಿ ನಿಧಿ ಅಂದೆನಲ್ಲ, ಅಲ್ಲಿ 401-ಕೆ ಅನ್ನುತ್ತಾರೆ. ನಮ್ಮ ಪಿಎಫ್ ತರಹದ್ದು. ಅದನ್ನು ಪಾಲು ಮಾಡುವುದಕ್ಕೆ ಅಲ್ಲಿನ ರಾಜ್ಯದ ಕೋರ್ಟಿನಿಂದ ಕ್ವಾಡ್ರೊ ಅನ್ನುವ ಒಂದು ವಿಶೇಷ ಆದೇಶ ಬೇಕು. ಮೈಸೂರಿನ ಫ್ಯಾಮಿಲಿ ಕೋರ್ಟ್ ಡಿಕ್ರಿಯನ್ನು ಆ ನಿಧಿಯವರಿಗೆ ಕಳಿಸಿದರೆ ಅವರು ಸುಮ್ನೆ ವಾಪಸ್ ಕಳಿಸುತ್ತಾರೆ. ಹತ್ತು ವರ್ಷ ಕೆಲಸ ಮಾಡಿದವರಿಗೆ ಕೆಲವೊಮ್ಮೆ ಅಲ್ಲಿರುವ ಅತಿ ದೊಡ್ಡ ಗಂಟು ಇದೇ.

ಇಂಗ್ಲೆಂಡಿನದ್ದು ಬೇರೆ. ಅಲ್ಲಿ ಫಾರ್ಮ್ ಇ ಅನ್ನುವ ಉದ್ದದ ಹೇಳಿಕೆಯಲ್ಲಿ ಪ್ರಪಂಚದಲ್ಲಿ ಎಲ್ಲೇ ಇದ್ದರೂ ಆಸ್ತಿಯ ವಿವರ ಕೊಡಬೇಕು. ಇಲ್ಲಿ ವಿಚ್ಛೇದನ ಆಗಿದ್ದರೂ ಅಲ್ಲಿನ 1984ರ ಕಾಯ್ದೆಯ ಮೂರನೇ ಭಾಗದಡಿ ಹಣಕಾಸಿನ ಪರಿಹಾರ ಕೇಳುವ ದಾರಿ ಇದೆ, ಆ ದೇಶದ ಜೊತೆ ನಿಮಗೋ ಆತನಿಗೋ ಗಟ್ಟಿ ನಂಟು ಇದ್ದರೆ. ಮರುಮದುವೆಯಾದವರಿಗೆ ಆ ಬಾಗಿಲು ಮುಚ್ಚುತ್ತದೆ.

ಇನ್ನು ತೀರ್ಪನ್ನು ಜಾರಿ ಮಾಡಿಸುವ ಪಾಡು. ಇಂಗ್ಲೆಂಡ್, ಸಿಂಗಪುರ, 2020ರಿಂದ ಯುಎಇ, ಇವುಗಳ ಮೇಲಿನ ಹಂತದ ಕೋರ್ಟುಗಳ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಅದಕ್ಕೆ. ಅಮೆರಿಕ ಆ ಪಟ್ಟಿಯಲ್ಲಿ ಇಲ್ಲ. ಅಲ್ಲಿನ ತೀರ್ಪಿನ ಆಧಾರದ ಮೇಲೆ ಇಲ್ಲಿ ಹೊಸದಾಗಿ ದಾವೆ ಹಾಕಬೇಕು, ಮೂರು ವರ್ಷದೊಳಗೆ. ಮೈಸೂರಿನ ಸೈಟಿನ ಬಗ್ಗೆ ಕ್ಯಾಲಿಫೋರ್ನಿಯಾ ಜಡ್ಜ್ ಏನೇ ಬರೆದರೂ ಇಲ್ಲಿನ ಸಬ್ ರಿಜಿಸ್ಟ್ರಾರ್ ಅದನ್ನು ನೋಡಿ ಹೆಸರು ಬದಲಾಯಿಸುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ: ಆಸ್ತಿ ಬಹುಪಾಲು ಇಲ್ಲಿದ್ದರೆ ಇಲ್ಲೇ ಕೇಸ್. ದೊಡ್ಡ ಗಂಟು ಅಲ್ಲಿದ್ದರೆ, ಇಲ್ಲಿ ಏನೂ ಫೈಲ್ ಮಾಡುವ ಮೊದಲು ಅಲ್ಲಿನ ವಕೀಲರ ಹತ್ತಿರ ಒಂದು ಗಂಟೆ ವಿಡಿಯೊದಲ್ಲಿ ಮಾತಾಡಿ. ಫೀಸು ಹೊಟ್ಟೆ ಉರಿಸುತ್ತದೆ, ಆದರೂ ಮಾತಾಡಿ. ತಂಗಿ ಆ ಒಂದು ಗಂಟೆಯ ದುಡ್ಡು ಉಳಿಸಲು ಹೋಗಿ ಎಂಟು ತಿಂಗಳು ಕಳೆದಳು.

ಹಂತ 3: ಇಲ್ಲಿ ಕೇಸ್ ಹಾಕುವಾಗ

ಹೆಂಡತಿ ತಾನು ಈಗ ವಾಸವಿರುವ ಊರಿನಲ್ಲೇ ಕೇಸ್ ಹಾಕಬಹುದು. 2003ರ ತಿದ್ದುಪಡಿಯಿಂದ ಬಂದ ಅನುಕೂಲ ಇದು. ಗಂಡ ಅರ್ಜಿದಾರನಾಗಿದ್ದು ಹೆಂಡತಿ ಹೊರದೇಶದಲ್ಲಿದ್ದರೆ ಆತನೂ ತನ್ನ ಊರಿನಲ್ಲಿ ಹಾಕಬಹುದು. ಗಂಡ ಹೆಂಡತಿ ನಡುವಿನ ಆಸ್ತಿ ತಕರಾರನ್ನೂ ಫ್ಯಾಮಿಲಿ ಕೋರ್ಟೇ ನೋಡುತ್ತದೆ, ಅದಕ್ಕೆ ಬೇರೆ ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ.

ನೋಟಿಸ್ ತಲುಪಿಸುವುದೇ ದೊಡ್ಡ ತಲೆನೋವು. ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದಂಥ ದೇಶಗಳಿಗೆ ಹೇಗ್ ಒಪ್ಪಂದದ ಮೂಲಕ ಕಾನೂನು ಸಚಿವಾಲಯದ ದಾರಿಯಲ್ಲಿ ಹೋಗುತ್ತದೆ. ತಿಂಗಳುಗಟ್ಟಲೆ ಆಗುತ್ತದೆ. ವಿಳಾಸದಲ್ಲಿ ಅಪಾರ್ಟ್‌ಮೆಂಟ್ ನಂಬರ್ ತಪ್ಪಿದರೆ ಮತ್ತೆ ಮೊದಲಿಂದ. ಇಮೇಲ್, ವಾಟ್ಸ್ಆ್ಯಪ್‌ನಲ್ಲೂ ಕಳಿಸಲು ಅನುಮತಿ ಕೊಡಿ ಅಂತ ಜೊತೆಯಲ್ಲೇ ಅರ್ಜಿ ಹಾಕಿಸಿ.

ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ರಜನೇಶ್ ಕೇಸಿನಲ್ಲಿ ಇದರ ನಮೂನೆಯನ್ನೇ ಕೊಟ್ಟಿದೆ. ಹೊರದೇಶದಲ್ಲಿರುವವರಿಗೆ ಅದರಲ್ಲಿ ಬೇರೆ ಭಾಗವೇ ಇದೆ: ಪೌರತ್ವ, ಅಲ್ಲಿನ ಕೆಲಸ, ವಿದೇಶಿ ಕರೆನ್ಸಿಯಲ್ಲಿ ಸಂಬಳ, ಅಲ್ಲಿನ ಖರ್ಚು, ತೆರಿಗೆ. ಆತನ ಅಫಿಡವಿಟ್ ಬಂದ ದಿನ ನಮ್ಮ ಡ್ರಾಯಿಂಗ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಟಿಕ್ ಹಾಕಿದೆವು. ಎರಡು ಖಾತೆ ಕಾಣೆಯಾಗಿದ್ದವು. ವಕೀಲರು ಅದನ್ನು ಮುಂದಿನ ದಿನಾಂಕದಲ್ಲೇ ಎತ್ತಿದರು.

ನಿಮ್ಮ ಅಫಿಡವಿಟ್‌ನಲ್ಲೂ ಏನೂ ಮುಚ್ಚಿಡಬೇಡಿ. ಅಮ್ಮ ಮಾಡಿಸಿಕೊಟ್ಟ ಎಫ್‌ಡಿ ಕೂಡ ಬರೆಯಿರಿ.

ಹಂತ 4: ಕೇಸ್ ಮುಗಿಯುವಷ್ಟರಲ್ಲಿ ಆಸ್ತಿ ಖಾಲಿಯಾಗದಂತೆ

ಎರಡು ದಾರಿ. ಫ್ಯಾಮಿಲಿ ಕೋರ್ಟಿನಲ್ಲೇ ತಡೆಯಾಜ್ಞೆ ಕೇಳುವುದು ಒಂದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗುವುದು ಇನ್ನೊಂದು. 2005ರ ಈ ಕಾಯ್ದೆಯಲ್ಲಿ ದೌರ್ಜನ್ಯ ಅಂದರೆ ಹೊಡೆತ ಮಾತ್ರ ಅಲ್ಲ, ಹಣಕ್ಕೆ ಕಷ್ಟ ಕೊಡುವುದೂ ಸೇರುತ್ತದೆ. ಇದರ 18ನೇ ಸೆಕ್ಷನ್‌ನಡಿ ಆಸ್ತಿ ಮಾರದಂತೆ, ಲಾಕರ್ ತೆಗೆಯದಂತೆ, ಬ್ಯಾಂಕ್ ಖಾತೆ ಮುಟ್ಟದಂತೆ ಆದೇಶ ಕೊಡಬಹುದು. ಸ್ತ್ರೀಧನ ವಾಪಸ್ ಕೊಡಿಸುವುದು 19ನೇ ಸೆಕ್ಷನ್‌ನಲ್ಲಿದೆ. ತುರ್ತು ಇದ್ದರೆ ಎದುರಿನವರು ಬರುವ ಮುಂಚೆಯೇ ಮಧ್ಯಂತರ ಆದೇಶ ಸಿಗಬಹುದು.

ಆದೇಶ ಸಿಕ್ಕ ದಿನವೇ ಪ್ರಮಾಣಿತ ನಕಲು ತೆಗೆದು ಬ್ಯಾಂಕಿನ ಶಾಖೆಗೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೈಯಾರೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೋರ್ಟಿನಿಂದ ತಾನಾಗಿ ಹೋಗುತ್ತೆ ಅಂತ ಕೂತರೆ ಆಯಿತು.

ಈಗ ಆ ಪಹಣಿಯ ಮಾತು. ಗಂಡ ಹೊರದೇಶದಲ್ಲಿದ್ದು ತಿಂಗಳ ಜೀವನಾಂಶ ಕೊಡದೆ ಹೋದರೆ ಅಲ್ಲಿಂದ ವಸೂಲಿ ಮಾಡುವುದು ಬಹಳ ಕಷ್ಟ. 25ನೇ ಸೆಕ್ಷನ್‌ನಲ್ಲೇ ಒಂದು ಉಪಾಯ ಇದೆ: ಜೀವನಾಂಶದ ಹೊಣೆಯನ್ನು ಆತನ ಸ್ಥಿರಾಸ್ತಿಯ ಮೇಲೆ ಹೊರಿಸಬಹುದು. ತೋಟದಲ್ಲಿ ನಿಮಗೆ ಪಾಲಿಲ್ಲ ಸರಿ. ಆದರೆ ಆತನ ಪಾಲಿಗೆ ಬಂದ ಜಮೀನಿನ ಮೇಲೆ, ಆತನ ಸೈಟಿನ ಮೇಲೆ ಹೊಣೆ ಕೂತರೆ ಅದನ್ನು ತೀರಿಸದೆ ಮಾರಲು ಹೋದಾಗ ಕೊಳ್ಳುವವನೇ ಹಿಂದೆ ಸರಿಯುತ್ತಾನೆ. ಈ ಬೇಡಿಕೆಯನ್ನು ಅರ್ಜಿಯಲ್ಲೇ ಬರೆಸಿ, ಸರ್ವೆ ನಂಬರ್ ಸಮೇತ. ಇಲ್ಲಿರುವ ಆತನ ಆಸ್ತಿಯೇ ನಿಮ್ಮ ಕೈಯಲ್ಲಿರುವ ಹಗ್ಗ.

ಹಂತ 5: ರಾಜಿಯಾದರೆ ಏನು ಬರೆಯಬೇಕು

ಹೆಚ್ಚಿನ ಕೇಸುಗಳು ಮಧ್ಯಸ್ಥಿಕೆ ಕೇಂದ್ರದ ಮೇಜಿನ ಮುಂದೆ ಮುಗಿಯುತ್ತವೆ. ನಮ್ಮದೂ ಹಾಗೇ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ಜೊತೆ ಕೋರ್ಟಿನಲ್ಲಿ ಇಬ್ಬರ ಮೊದಲ ಹೇಳಿಕೆ ಆದ ಮೇಲೆ, ಎರಡನೇ ಹೇಳಿಕೆಗೆ ಆರು ತಿಂಗಳು ಕಾಯುವುದು ನಿಯಮ, ಆದರೆ ಎಲ್ಲ ಇತ್ಯರ್ಥವಾಗಿದ್ದರೆ ಅದನ್ನು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿರುವವರು ಕೋರ್ಟಿನ ಅನುಮತಿ ಪಡೆದು ವಿಡಿಯೊ ಮೂಲಕ ಹಾಜರಾಗಬಹುದು.

ರಾಜಿ ಪತ್ರದಲ್ಲಿ ನಾವು ಜಗಳವಾಡಿ ಸೇರಿಸಿದ್ದು, ಸೇರಿಸದೆ ಕೈ ಸುಟ್ಟುಕೊಂಡದ್ದು ಎರಡನ್ನೂ ಹೇಳುತ್ತೇನೆ. ಮೊತ್ತ ಡಾಲರಿನಲ್ಲೋ ರೂಪಾಯಿಯಲ್ಲೋ, ಯಾವ ದಿನದ ದರ ಅಂತ ಬರೆಯಿರಿ. ಒಂದು ಲಕ್ಷ ಡಾಲರ್ ಅಂದಾಗ ದರ 80 ಇದ್ದು, ಕೊಡುವ ದಿನ 85 ಆದರೆ ಐದು ಲಕ್ಷದ ಜಗಳ. ಹಣವನ್ನು ಕಂತು ಮಾಡಿದ್ದರೆ ಕೊನೆಯ ಕಂತು ಎರಡನೇ ಹೇಳಿಕೆಯ ದಿನ ಡಿಡಿ ಮೂಲಕ ಕೋರ್ಟಿನಲ್ಲೇ ಕೈಗೆ ಬರಲಿ. ಆ ದಿನದವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, ನೆನಪಿರಲಿ. ಪ್ರತಿ ಆಸ್ತಿಗೂ ಚಕ್ಕುಬಂದಿ, ಖಾತಾ ನಂಬರ್ ಸಮೇತ ಷೆಡ್ಯೂಲ್ ಬರೆಸಿ, ಕೇಸಿನ ಅರ್ಜಿಯಲ್ಲೂ ಅದು ಇರಲಿ. ಕೇಸಿನಲ್ಲಿ ಇಲ್ಲದ ಆಸ್ತಿಯನ್ನು ರಾಜಿಯಲ್ಲಿ ಮಾತ್ರ ಬರೆದುಕೊಂಡರೆ ಆಮೇಲೆ ಮುದ್ರಾಂಕ ಶುಲ್ಕ ಕಟ್ಟಿ ರಿಜಿಸ್ಟರ್ ಮಾಡಿಸಬೇಕಾಗುತ್ತದೆ. ಮುಚ್ಚಿಟ್ಟ ಆಸ್ತಿ ಮುಂದೆ ಸಿಕ್ಕರೆ ಏನು ಅನ್ನುವ ಒಂದು ಸಾಲು ಇರಲಿ. ಮತ್ತೆ ಸಾಲ ಯಾರ ತಲೆಗೆ?

ಸಾಲದ ವಿಷಯದಲ್ಲಿ ನಾವು ಚೆನ್ನಾಗಿ ಪಾಠ ಕಲಿತೆವು. ಫ್ಲ್ಯಾಟ್ ತಂಗಿಗೆ, ಉಳಿದ ಸಾಲ ಆತ ಕಟ್ಟಬೇಕು ಅಂತ ರಾಜಿಯಾಯಿತು. ಡಿಕ್ರಿ ತೆಗೆದುಕೊಂಡು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಓದಿ, ಮಡಚಿ, ವಾಪಸ್ ಕೊಟ್ಟರು. "ನಮಗೆ ಇಬ್ಬರೂ ಸಾಲಗಾರರೇ ಮೇಡಂ. ಒಂದು ಕಂತು ತಪ್ಪಿದರೂ ಸಿಬಿಲ್ ಇಬ್ಬರದೂ ಹೋಗುತ್ತೆ." ಅವರ ತಪ್ಪಿಲ್ಲ. ರಾಜಿ ಆಗಿದ್ದು ಗಂಡ ಹೆಂಡತಿ ನಡುವೆ, ಬ್ಯಾಂಕಿನ ಜೊತೆ ಅಲ್ಲವಲ್ಲ. ಸಾಲ ಪೂರ್ತಿ ತೀರಿಸಿ ಮೂಲ ಪತ್ರ ಬಿಡಿಸಿಕೊಟ್ಟ ಮೇಲೆಯೇ ಎರಡನೇ ಹೇಳಿಕೆ ಅಂತ ಬರೆಸಿದ್ದರೆ ಆ ಅಲೆದಾಟ ಉಳಿಯುತ್ತಿತ್ತು.

ಹಂತ 6: ಹೆಸರು ಬದಲಾವಣೆ

ಗಂಡ ತನ್ನ ಪಾಲನ್ನು ನಿಮಗೆ ಬಿಟ್ಟುಕೊಡುವುದಾದರೆ ದಾನಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ ಆಗಬೇಕು. ಆತ ಬರಲಾಗದಿದ್ದರೆ ಇಲ್ಲಿರುವ ಯಾರಿಗಾದರೂ ಪವರ್ ಆಫ್ ಅಟಾರ್ನಿ ಕೊಡಬೇಕು. ಅದನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮಾಡಿಸಬಹುದು. ಇಲ್ಲವೇ ಅಲ್ಲಿನ ನೋಟರಿ ಮುಂದೆ ಸಹಿ ಮಾಡಿ, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್ (ಕಾಗದ ಹೊರದೇಶದಲ್ಲೂ ನಡೆಯುವಂತೆ ದೃಢೀಕರಿಸುವ) ಮುದ್ರೆ ಹಾಕಿಸಬಹುದು.

ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಆಗುವ ಕೆಲಸ. ನಮ್ಮ ಮನೆಗೆ ಕೊರಿಯರ್ ಬಂದಾಗ ಹಬ್ಬದ ಗಲಾಟೆ. ಲಕೋಟೆಯನ್ನು ನಾನೇ ಬೀರುವಿನಲ್ಲಿ ಸೀರೆಗಳ ಕೆಳಗೆ ಭದ್ರವಾಗಿಟ್ಟೆ. ತೆಗೆದದ್ದು ನಾಲ್ಕನೇ ತಿಂಗಳು. ಮತ್ತೆ ಆತನನ್ನು ಬೇಡಿಕೊಂಡು ಹೊಸದು ತರಿಸಬೇಕಾಯಿತು, ಆ ಹೊತ್ತಿಗೆ ಆತನ ಮನಸ್ಸು ಎಷ್ಟು ಕಹಿಯಾಗಿತ್ತು ಅಂತ ಕೇಳಬೇಡಿ. ಇನ್ನೊಂದು, ಕರಡನ್ನು ಸಹಿಗೆ ಕಳಿಸುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತೋರಿಸಿ. "ಮಾರಾಟ ಮಾಡಲು ಅಧಿಕಾರ" ಅಂತಷ್ಟೇ ಇದ್ದು ಹಕ್ಕು ಬಿಡುಗಡೆಯ ಮಾತೇ ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತಾರೆ.

ಯಾವಾಗ ಮಾಡಿಸಬೇಕು ಅನ್ನುವುದೂ ಮುಖ್ಯ. ಡಿಕ್ರಿಗೆ ಮುಂಚೆ ನೀವು ಕಾನೂನಿನ ಕಣ್ಣಿಗೆ ಇನ್ನೂ ಗಂಡ ಹೆಂಡತಿ. ಕರ್ನಾಟಕದಲ್ಲಿ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತುಂಬಾ ಕಡಿಮೆ. ಆದಾಯ ತೆರಿಗೆಯಲ್ಲೂ ಗಂಡ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಡಿಕ್ರಿಯಾದ ಮರುದಿನ ನೀವಿಬ್ಬರೂ ಪರಕೀಯರು, ರಿಯಾಯಿತಿಯ ಪಟ್ಟಿಯಿಂದ ಹೊರಗೆ. ಹಾಗಾಗಿ ಎರಡು ಹೇಳಿಕೆಗಳ ನಡುವಿನ ಅವಧಿಯಲ್ಲಿ ರಿಜಿಸ್ಟ್ರೇಷನ್ ಮುಗಿಸುವುದು ಜಾಣತನ. ನೀವು ಕೊಡುವವರಾಗಿದ್ದರೆ ನಿಮಗೆ ಬರಬೇಕಾದ್ದು ಕೈಗೆ ಬರದೆ ಸಹಿ ಹಾಕಬೇಡಿ. ಹೆಂಡತಿಗೆ ಒಂದೇ ಗಂಟಾಗಿ ಬರುವ ಜೀವನಾಂಶಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ, ತಿಂಗಳು ತಿಂಗಳು ಬರುವುದನ್ನು ಆದಾಯವಾಗಿ ನೋಡುತ್ತಾರೆ. ಆಡಿಟರ್ ಒಬ್ಬರನ್ನು ಕೇಳಿಕೊಳ್ಳಿ.

ಮನೆ ಮಾರಿ ದುಡ್ಡು ಹಂಚಿಕೊಳ್ಳುವುದಾದರೆ, ಕೊಳ್ಳುವವರು ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್, ಇಲ್ಲಿನವರಿಗೆ ಒಂದು ಪರ್ಸೆಂಟ್. ಅನಿವಾಸಿಯ ಪಾಲಿಗೆ ಆ ಲೆಕ್ಕ ನಡೆಯುವುದಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಹಿಡಿಯುತ್ತಾರೆ. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ತರಬೇಕು, ಕೊಳ್ಳುವವರಿಗೂ ಇದನ್ನು ಹೇಳಿಬಿಡಿ. ಆತನ ಪಾಲು ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆಗೆ ಹೋಗುತ್ತದೆ. ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು.

ಕೈಯಲ್ಲಿ ದುಡ್ಡಿಲ್ಲದಿದ್ದರೆ

ಹೆಂಗಸರಿಗೆ, ಸಂಬಳ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲೂ ಕಾನೂನು ಸೇವಾ ಪ್ರಾಧಿಕಾರದ ಕೊಠಡಿ ಇರುತ್ತದೆ, ಅಲ್ಲಿ ಒಂದು ಅರ್ಜಿ ತುಂಬಿದರೆ ಸಾಕು. ಅನಿವಾಸಿ ಗಂಡಂದಿರ ಕೇಸುಗಳಿಗೆ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಬೇರೆ ವಿಭಾಗವೇ ಇದೆ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಇವರು ಆಸ್ತಿ ಹಂಚಿಕೊಡುವುದಿಲ್ಲ. ಆದರೆ ವಿಳಾಸವೇ ಸಿಗದ ಗಂಡನನ್ನು ಹುಡುಕುವಾಗ ದೂತಾವಾಸದ ಸಹಾಯ ಸಿಗುವುದು ಈ ದಾರಿಯಲ್ಲೇ.

ಕೊನೆಗೆ ನಾಮಿನಿ

ಡಿಕ್ರಿ ಬಂದು, ಖಾತಾ ಬದಲಾಗಿ, ಒಡವೆಯಲ್ಲಿ ಮುಕ್ಕಾಲು ಪಾಲು ವಾಪಸ್ ಬಂದು, ನಾವೆಲ್ಲ ನಿಟ್ಟುಸಿರು ಬಿಟ್ಟು ಎಂಟು ತಿಂಗಳಾಗಿತ್ತು. ತಂಗಿ ಹೊಸ ಕೆಲಸಕ್ಕೆ ಸೇರಿದಳು. ಪಿಎಫ್ ವರ್ಗಾವಣೆಗೆ ಲಾಗಿನ್ ಆದಾಗ ನನ್ನನ್ನು ಕೂಗಿ ಕರೆದಳು. ನಾಮಿನಿಯ ಜಾಗದಲ್ಲಿ ಆತನ ಫೋಟೋ, ಹೆಸರು, ನೂರಕ್ಕೆ ನೂರು ಪಾಲು. ಎಲ್‌ಐಸಿ ಪಾಲಿಸಿಯಲ್ಲೂ ಅದೇ, ಮ್ಯೂಚುವಲ್ ಫಂಡ್‌ನಲ್ಲೂ ಅದೇ. ಡಿಕ್ರಿ ಆಯಿತು ಅಂತ ಯಾವ ಕಚೇರಿಯೂ ಈ ಹೆಸರನ್ನು ತಾನಾಗಿ ತೆಗೆಯುವುದಿಲ್ಲ. ಅವತ್ತು ಮಧ್ಯಾಹ್ನ ಇಬ್ಬರೂ ಊಟ ಬಿಟ್ಟು ಕೂತು ಒಂದೊಂದಾಗಿ ಮಗುವಿನ ಹೆಸರಿಗೆ ಬದಲಾಯಿಸಿದೆವು. ಮಗು ಇನ್ನೂ ಚಿಕ್ಕದು, ಗಾರ್ಡಿಯನ್ ಯಾರು ಅಂತ ಕೇಳಿತು. ಅಲ್ಲಿ ನನ್ನ ಹೆಸರು ಬರೆದಳು.